ತಾಳ ತಪ್ಪಿದ ಎಂಜಿನ್: ಕಿವಿಯಿಂದ ಸ್ಕ್ಯಾನರ್‌ವರೆಗೆ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದವರೆಗೆ ಚೆನ್ನಾಗಿಯೇ ಓಡಿಬಂದ ಕಾರು, ಆನೆಕಾಡು ಕಳೆದು ಸುಂಟಿಕೊಪ್ಪದ ಏರು ಹತ್ತುವಾಗ ಇದ್ದಕ್ಕಿದ್ದಂತೆ ಮುಗ್ಗರಿಸತೊಡಗುತ್ತದೆ. ಎಂಜಿನ್ ನಡುಗುತ್ತದೆ, ಎಳೆತ ಕುಗ್ಗುತ್ತದೆ, ಸೈಲೆನ್ಸರ್ 'ಪಟ್ ಪಟ್' ಎನ್ನುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದಕ್ಕೆ 'ಮಿಸ್ ಹೊಡೆಯುವುದು' ಎಂದು ಹೆಸರು. ಬಯಲು ದಾರಿಯಲ್ಲಿ ಇಲ್ಲದ ಈ ಕಾಯಿಲೆ ಏರಿನಲ್ಲೇ ಏಕೆ ಕಾಣಿಸಿಕೊಳ್ಳುತ್ತದೆ?

ಕುಶಾಲನಗರದಿಂದ ಸುಮಾರು 30 ಕಿ.ಮೀ. ದೂರದ ಮಡಿಕೇರಿ ಅದಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಏರು ಹತ್ತಲು ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಹೋಗಿ ಒಳಗಿನ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬಯಲಿನಲ್ಲಿ ಹೇಗೋ ಕೆಲಸ ಮಾಡುತ್ತಿದ್ದ ದುರ್ಬಲ ಕಿಡಿ ಇಲ್ಲಿ ಕೈಕೊಡುತ್ತದೆ. ಅಂದರೆ ಏರು ರೋಗವನ್ನು ತರುವುದಿಲ್ಲ. ಇದ್ದ ರೋಗವನ್ನು ಬಯಲಿಗೆಳೆಯುತ್ತದೆ.

ಕಿಡಿಯ ಕೆಲಸ ಸಣ್ಣದಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಬೇಕು. ಜರ್ಮನಿಯ ರಾಬರ್ಟ್ ಬಾಷ್ ಕಂಪನಿಯ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ರೂಪಿಸಿದ. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್‌ಗಳ ವ್ಯವಸ್ಥೆಯನ್ನು ಬಳಕೆಗೆ ತಂದ. ಮುಂದೆ ಹಲವು ದಶಕ ಜಗತ್ತಿನ ಪೆಟ್ರೋಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಓಡಿದವು. 1957ರಲ್ಲಿ ಬಂದ ಅಂಬಾಸಿಡರ್ ಕೂಡ ಇದೇ ಜಾತಿಯದು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬಾಷ್ ಸಹಯೋಗದಲ್ಲಿ 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ 'ಮೈಕೊ', ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿತು. 'ಮೈಕೊ ಪ್ಲಗ್' ಎಂಬುದು ಗ್ಯಾರೇಜುಗಳಲ್ಲಿ ಮನೆಮಾತಾಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಮೈಕೊ ಲೇಔಟ್ ಬಡಾವಣೆಯಲ್ಲಿ ಹಳೆಯ ಹೆಸರು ಉಳಿದಿದೆ.

ರೈಲು ಹಳಿಯೇ ಇಲ್ಲದ ಕೊಡಗಿನಲ್ಲಿ ಕಾಫಿ ಮೂಟೆಯಿಂದ ಹಿಡಿದು ರೋಗಿಯವರೆಗೆ ಎಲ್ಲವೂ ರಸ್ತೆಯಲ್ಲೇ ಸಾಗಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3 ಸಾವಿರ ಮಿ.ಮೀ. ಆಸುಪಾಸಿನ ಮಳೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಸೇರಿದರೆ ಕಿಡಿ ಅಡ್ಡದಾರಿ ಹಿಡಿಯುತ್ತಿತ್ತು. ಬಿರುಕುಬಿಟ್ಟ ವೈರಿದ್ದರೆ, ರಾತ್ರಿ ಬಾನೆಟ್ ಎತ್ತಿ ನೋಡಿದಾಗ ನೀಲಿ ಕಿಡಿಗಳು ವೈರಿನ ಮೇಲೆಯೇ ಹರಿದಾಡುವುದು ಕಾಣುತ್ತಿತ್ತು. ಒಣಬಟ್ಟೆಯಿಂದ ಮುಚ್ಚಳ ಒರೆಸುವುದು, ಉಪ್ಪುಕಾಗದದಿಂದ ಪಾಯಿಂಟ್ ಉಜ್ಜುವುದು, ಅರ್ಧ ಮಿಲಿಮೀಟರಿಗೂ ಕಡಿಮೆಯಾದ ಅದರ ಅಂತರವನ್ನು ಸರಿಪಡಿಸುವುದು ಆಗಿನ ಚಾಲಕರಿಗೂ ತಿಳಿದಿದ್ದ ವಿದ್ಯೆ.

ಮೆಕ್ಯಾನಿಕ್‌ನ ಪರೀಕ್ಷೆ ಇನ್ನೂ ಸರಳ. ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆಯುವುದು. ತೆಗೆದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಶಬ್ದ ಬದಲಾಗದಿದ್ದರೆ ಅದೇ ಕಳ್ಳ. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ತಿಳಿಕಂದು ಆರೋಗ್ಯದ ಲಕ್ಷಣ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆ ಮೆತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು.

1983ರಲ್ಲಿ ಮಾರುತಿ 800 ಬಂದ ನಂತರದ ವರ್ಷಗಳಲ್ಲಿ ಪಾಯಿಂಟ್‌ಗಳು, ಬಳಿಕ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಒಂದೊಂದಾಗಿ ಮರೆಯಾದವು. ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಒಂದೊಂದು ಪ್ಲಗ್‌ಗೂ ಒಂದೊಂದು ಕಾಯಿಲ್. ಕ್ರ್ಯಾಂಕ್‌ಶಾಫ್ಟಿನ ಬಳಿಯ ಸೆನ್ಸರ್ ಅದರ ವೇಗವನ್ನು ಸದಾ ಅಳೆಯುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಶಾಫ್ಟ್ ಕ್ಷಣಮಾತ್ರ ನಿಧಾನವಾಗುತ್ತದೆ. ಕಂಪ್ಯೂಟರ್ ಅದನ್ನು ಗುರುತಿಸಿ 'ಪಿ0303' ಎಂಬಂಥ ಸಂಕೇತ ಬರೆದಿಡುತ್ತದೆ. ಅಂದರೆ ಮೂರನೇ ಸಿಲಿಂಡರ್ ಮಿಸ್ ಹೊಡೆದಿದೆ. ಹಿಂದೆ ಮೆಕ್ಯಾನಿಕ್‌ನ ಕಿವಿ ಹಿಡಿಯುತ್ತಿದ್ದುದೂ ಇದೇ ತಪ್ಪಿದ ತಾಳವನ್ನು.

ಆದರೆ ಸ್ಕ್ಯಾನರ್ ಹೇಳುವುದು ಯಾವ ಸಿಲಿಂಡರ್ ಎಂದು ಮಾತ್ರ, ಏಕೆ ಎಂದಲ್ಲ. ಕಾರಣ ಪ್ಲಗ್ ಇರಬಹುದು, ಕಾಯಿಲ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ಇರಬಹುದು. ಎಲ್ಲವನ್ನೂ ಬದಲಿಸಿದರೆ ಮಾಲೀಕನ ಜೇಬಿಗೆ ಕತ್ತರಿ. ಅನುಭವಿಗಳು ಎಂಜಿನ್ ನಿಲ್ಲಿಸಿ, ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ ಹಾಕಿ ಮತ್ತೆ ಓಡಿಸುತ್ತಾರೆ. ದೋಷವೂ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಹುಡುಕಾಟ ಬೇರೆ ಕಡೆಗೆ.

ಒಂದು ಎಚ್ಚರ ಮಾತ್ರ ಹೊಸದು. ಓಡುವ ಎಂಜಿನ್ನಿನ ವೈರು ತೆಗೆಯುವ ಹಳೆಯ ಪರೀಕ್ಷೆ ಈಗಿನ ಕಾರುಗಳಿಗೆ ಸಲ್ಲದು. ಉರಿಯದ ಪೆಟ್ರೋಲು ಸೈಲೆನ್ಸರ್ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಬೆಲೆಬಾಳುವ ಆ ಭಾಗವನ್ನೇ ಸುಡಬಲ್ಲದು. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿನುಗತೊಡಗಿದರೆ ಮಡಿಕೇರಿ ಮುಟ್ಟಿಯೇ ನೋಡೋಣವೆಂದು ಏರು ಹತ್ತಿಸುವುದಕ್ಕಿಂತ, ಕುಶಾಲನಗರದಲ್ಲೇ ನಿಲ್ಲಿಸಿ ತೋರಿಸುವುದು ಲೇಸು.

ಪಾಯಿಂಟ್ ಉಜ್ಜುವ ಕೈಗಳಿಗೆ ಇಂದು ಕೆಲಸ ಕಡಿಮೆಯಾಗಿದೆ. ಆದರೆ ಒಂದನ್ನು ಬೇರ್ಪಡಿಸಿ ನೋಡು, ಖಚಿತವಾದ ಮೇಲೆ ಬದಲಿಸು ಎಂಬ ಅವರ ಪಾಠ ಸ್ಕ್ಯಾನರ್ ಹಿಡಿದವರಿಗೂ ದಾರಿದೀಪವಾಗಿದೆ.