ಗುತ್ತಿಗೆಯ ಪೊಲೀಸರು, ಲೆಕ್ಕ ಕೇಳಿದ ಜನರು



ನಮ್ಮಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರಕ್ಕೆ ಸೇರಿದ್ದು. ನಗರಸಭೆ ನೀರು ಕೊಡುತ್ತದೆ, ಕಸ ತೆಗೆಸುತ್ತದೆ, ಪೊಲೀಸರನ್ನು ನೇಮಿಸುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅನೇಕ ನಗರಗಳಿಗೆ ತಮ್ಮದೇ ಪೊಲೀಸ್ ಪಡೆಯಿದೆ. ಹಾಗಾದರೆ, ಪಡೆ ಕಟ್ಟುವಷ್ಟು ಹಣವಿಲ್ಲದ ಹೊಸ ಊರು ಏನು ಮಾಡಬೇಕು?

ಈ ಪ್ರಶ್ನೆ ಕ್ಯಾಲಿಫೋರ್ನಿಯ ರಾಜ್ಯದ ಲೇಕ್‌ವುಡ್‌ಗೆ ಎದುರಾಯಿತು. ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಕೆಲವೇ ವರ್ಷಗಳಲ್ಲಿ ಸಾವಿರಾರು ಮನೆಗಳೊಡನೆ ಎದ್ದ ಬಡಾವಣೆಯದು. ಕೌಂಟಿ ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕ. ಆದರೆ ಅದನ್ನು ಆಳುವವರು ಚುನಾಯಿತರು. ನೆರೆಯ ಲಾಂಗ್ ಬೀಚ್ ನಗರ ಈ ಬಡಾವಣೆಯನ್ನು ತನ್ನೊಳಗೆ ಸೇರಿಸಿಕೊಳ್ಳಲು ಹೊರಟಿತು. ನಿವಾಸಿಗಳು ಒಪ್ಪಲಿಲ್ಲ. 1954ರಲ್ಲಿ ಮತದಾನದ ಮೂಲಕ ಲೇಕ್‌ವುಡ್ ಸ್ವತಂತ್ರ ನಗರವಾಯಿತು. ಪೊಲೀಸ್ ಕೆಲಸವೂ ಸೇರಿದಂತೆ ಹೆಚ್ಚಿನ ಸೇವೆಗಳನ್ನು ಅದು ಕೌಂಟಿಯಿಂದಲೇ ಹಣ ಕೊಟ್ಟು ಪಡೆಯಿತು. ಚುನಾಯಿತ ಪೊಲೀಸ್ ಮುಖ್ಯಸ್ಥನಾದ ಷೆರೀಫನ ಸಿಬ್ಬಂದಿ ಕರಾರಿನಂತೆ ಅಲ್ಲಿ ಗಸ್ತು ತಿರುಗಿದರು. ಇದೇ ಪ್ರಸಿದ್ಧ 'ಲೇಕ್‌ವುಡ್ ಯೋಜನೆ'. ಮುಂದೆ ಹಲವು ಊರುಗಳು ಇದೇ ದಾರಿ ಹಿಡಿದವು. ಕಾಂಪ್ಟನ್‌ನಂಥ ಹಳೆಯ ನಗರವೂ 2000ದಲ್ಲಿ ತನ್ನ ಪಡೆಯನ್ನು ವಿಸರ್ಜಿಸಿ ಷೆರೀಫನನ್ನು ಆಶ್ರಯಿಸಿತು.

ಆದರೆ ಗಸ್ತು ಕಾರಿನ ನಿಜವಾದ ಬೆಲೆ ಎಷ್ಟು? ಪೊಲೀಸನ ಸಂಬಳ ಮತ್ತು ಪೆಟ್ರೋಲು ಸುಲಭದ ಲೆಕ್ಕ. ಅವನ ನಿವೃತ್ತಿ ವೇತನ, ತರಬೇತಿ, ಮೇಲಧಿಕಾರಿಗಳ ಖರ್ಚು, ಕೇಂದ್ರ ಕಚೇರಿಯ ಖರ್ಚು ಇವುಗಳಲ್ಲಿ ಯಾವ ಪಾಲು ಯಾರಿಗೆ? ಸ್ವಂತ ಪೊಲೀಸರಿದ್ದ ನಗರಗಳ ಜನರೂ ಕೌಂಟಿಗೆ ತೆರಿಗೆ ಕಟ್ಟುತ್ತಿದ್ದರು. 'ನಮ್ಮ ಪೊಲೀಸರಿಗೂ ನಾವೇ ಕೊಡಬೇಕು, ನೆರೆಯವರ ಪೊಲೀಸರಿಗೂ ನಾವೇ ಕೊಡಬೇಕೆ?' ಎಂಬುದು ಅವರ ತಕರಾರು. ಕೌಂಟಿಯ ಸಾಮಾನ್ಯ ಆಡಳಿತದ ವೆಚ್ಚವನ್ನು ತಮ್ಮ ಬಿಲ್ಲಿಗೆ ಸೇರಿಸುವುದು ಅನ್ಯಾಯವೆಂಬುದು ಗುತ್ತಿಗೆ ನಗರಗಳ ವಾದ. ಎರಡೂ ಮಾತಿನಲ್ಲಿ ಹುರುಳಿತ್ತು.

1973ರ ಗೊನ್ಸಾಲ್ವೆಸ್ ಕಾಯಿದೆ ಗೆರೆಯೊಂದನ್ನು ಎಳೆಯಿತು: ಸೇವೆಗೆ ತಗಲುವ ವೆಚ್ಚವನ್ನೆಲ್ಲ ವಸೂಲು ಮಾಡಬೇಕು, ಆದರೆ ಇಡೀ ಕೌಂಟಿಗೆ ದೊರೆಯುವ ಸೇವೆಗಳ ವೆಚ್ಚವನ್ನಾಗಲಿ, ಸಾಮಾನ್ಯ ಆಡಳಿತದ ವೆಚ್ಚವನ್ನಾಗಲಿ ಹೇರುವಂತಿಲ್ಲ. ಗೆರೆ ಎಳೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಖರ್ಚು ಗೆರೆಯ ಯಾವ ಕಡೆಗೆ ಬೀಳುತ್ತದೆಂದು ನೋಡುವವರು ಬೇಕಲ್ಲ! ಷೆರೀಫನ ಆಯವ್ಯಯಕ್ಕೆ ಮಂಜೂರಾತಿ ಕೊಡುವುದು 5 ಸದಸ್ಯರ ಚುನಾಯಿತ ಮಂಡಳಿ. ಕೌಂಟಿಯ ಲೆಕ್ಕಾಧಿಕಾರಿಯ ಜೊತೆಗೆ, ಸಾಮಾನ್ಯ ನಾಗರಿಕರಿಂದ ಕೂಡಿದ 'ಗ್ರ್ಯಾಂಡ್ ಜ್ಯೂರಿ' ಎಂಬ ಸಮಿತಿಗೂ ಕೌಂಟಿ ಇಲಾಖೆಗಳ ಲೆಕ್ಕ ನೋಡುವ ಅಧಿಕಾರವಿದೆ.

ಇದೇಕೆ ಮುಖ್ಯ ಗೊತ್ತೇ? ಸ್ವಂತ ಪಡೆಯಿಲ್ಲದ ಊರು, ಬೆಲೆ ಏರಿತೆಂದು ನಾಳೆಯೇ ಬೇರೆ ಪೊಲೀಸರನ್ನು ತರಲಾರದು. ಹಣ ಸಾಲದಿದ್ದರೆ ಗಸ್ತನ್ನು ಕಡಿಮೆ ಮಾಡಬೇಕಾಗುತ್ತದೆ. ಆದ್ದರಿಂದ ಲೆಕ್ಕದ ಪುಸ್ತಕದ ಒಂದು ತಪ್ಪು ಸಾಲು ರಾತ್ರಿಯ ಬೀದಿಯವರೆಗೂ ಮುಟ್ಟುತ್ತದೆ. ನಿಮ್ಮ ಊರಿನ ನಗರಸಭೆಯೋ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟ ಕೆಲಸಗಳು ಯಾವುವು, ಅವುಗಳ ಲೆಕ್ಕವನ್ನು ಯಾರು ನೋಡುತ್ತಾರೆ? ಒಮ್ಮೆ ವಿಚಾರಿಸಿ ನೋಡಿ.