ಆರು ತುಂಬಿದ ಮೇಲೆ

ಮಗುವಿಗೆ ಆರು ತುಂಬಿತು. ಮಾಂಟೆಸ್ಸರಿಯಲ್ಲೇ ಮುಂದುವರಿಸುವುದೋ, ಒಂದನೇ ತರಗತಿಗೆ ಹಾಕುವುದೋ? ತಂದೆತಾಯಿಯ ಈ ತಳಮಳಕ್ಕೆ ಕೊಲ್ಹಾಪುರ ಸೀಮೆಯಲ್ಲಿ ಹಳೆಯ ಹಿನ್ನೆಲೆಯಿದೆ.

1917ರಲ್ಲಿ ಶಾಹೂ ಮಹಾರಾಜರು ತಮ್ಮ ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದರು. ಕನ್ನಡ ಮಾತೂ ಇರುವ ಗಡಹಿಂಗ್ಲಜ ಆ ಸಂಸ್ಥಾನದ್ದೇ ಆಗಿತ್ತು, ಇಚಲಕರಂಜಿ ಅದರಡಿಯ ಜಹಗೀರಾಗಿತ್ತು. ಶಾಲೆಯ ಬಾಗಿಲೇನೋ ತೆರೆಯಿತು. ಒಳಗೆ ಕಲಿಸುವುದು ಹೇಗೆ?

1926ರಲ್ಲಿ ಶಿಕ್ಷಣತಜ್ಞರಾದ ಗಿಜುಭಾಯಿ ಬಧೇಕಾ, ತಾರಾಬಾಯಿ ಮೋಡಕ್ ನೂತನ ಬಾಲ ಶಿಕ್ಷಣ ಸಂಘ ಕಟ್ಟಿ ಮಾಂಟೆಸ್ಸರಿ ವಿಚಾರಗಳನ್ನು ದೇಶೀ ನೆಲಕ್ಕೆ ಒಗ್ಗಿಸಿದರು. ಅವರ ಗಮನ ಹೆಚ್ಚಾಗಿ ಎಳೆಯರ ಮೇಲೆ. ಆರರಿಂದ ಹನ್ನೆರಡು ವಯಸ್ಸಿನವರ ಮಾಂಟೆಸ್ಸರಿ ಪಾಠಕ್ರಮ ಬೆಳೆದದ್ದು ಎರಡನೇ ಮಹಾಯುದ್ಧಕಾಲದ ಕೊಡೈಕೆನಾಲ್‌ನಲ್ಲಿ, ಪದ್ಧತಿಯ ಜನಕಿ ಮಾರಿಯಾ ಮಾಂಟೆಸ್ಸರಿ ಅಲ್ಲಿ ನೆಲೆಸಿದ್ದಾಗ. ಒಂದು ಮಣಿ, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ: ಎಳೆಯರ ಕೈಯ ಈ ಸಾಧನಗಳೇ ಮುಂದೆ ವರ್ಗ, ಘನಗಳ ಗಣಿತಕ್ಕೂ ದಾರಿ. ಆ ದಾರಿಯನ್ನು ಅರ್ಧಕ್ಕೆ ಬಿಡುವುದು ನಷ್ಟವೇ ಸರಿ.

ಕೊಲ್ಹಾಪುರದಲ್ಲೇ 1985ರಲ್ಲಿ ಲೀಲಾತಾಯಿ ಪಾಟೀಲ ಸೃಜನ ಆನಂದ ವಿದ್ಯಾಲಯ ಆರಂಭಿಸಿದರು. ಅದು ಮಾಂಟೆಸ್ಸರಿ ಶಾಲೆಯಲ್ಲ. ಆದರೆ ಪ್ರಾಥಮಿಕ ತರಗತಿಯಲ್ಲೂ ಮಗು ಆನಂದದಿಂದ, ಅನುಭವದಿಂದ ಕಲಿಯಬಲ್ಲದು ಎಂದು ಮಾಡಿ ತೋರಿಸಿತು.

ಆದ್ದರಿಂದ ಪೋಷಕರೇ, ನಿರ್ಧರಿಸುವ ಮುನ್ನ ಶಾಲೆಯ ಬೋರ್ಡಿನ ಮೇಲಿನ ಹೆಸರು ಬಿಟ್ಟು, ತರಗತಿಯೊಳಗೆ ಅರ್ಧ ದಿನ ಕುಳಿತು ನೋಡಿ.