ಹೆಸರು ಬದಲಿಸಿದ ತುತ್ತೂರಿ ಹೂ

ಬೆಂಗಳೂರಿನ ಹಳೆಯ ಮನೆಗಳ ಕಾಂಪೌಂಡಿನಲ್ಲಿ ತಲೆಕೆಳಗಾಗಿ ತೂಗುವ, ಗೇಣಿಗಿಂತ ಉದ್ದದ ಬಿಳಿ ಹೂಗಳನ್ನು ನೀವು ನೋಡಿರಬಹುದು. ಸಂಜೆಯಾದಂತೆ ಅವುಗಳ ಪರಿಮಳ ಹೆಚ್ಚುತ್ತದೆ. ಇದೇ 'ಏಂಜೆಲ್ಸ್ ಟ್ರಂಪೆಟ್', ಅಂದರೆ ದೇವದೂತರ ತುತ್ತೂರಿ. ಅನೇಕರು ಇದನ್ನು ದತ್ತೂರವೆಂದೇ ತಿಳಿಯುತ್ತಾರೆ. ಸಸ್ಯವಿಜ್ಞಾನಿಗಳೂ ಬಹುಕಾಲ ಹಾಗೆಯೇ ತಿಳಿದಿದ್ದರು!

ಹೊರನಾಡಿನ ಅಲಂಕಾರ ಸಸ್ಯಗಳು ಬೆಂಗಳೂರಿಗೆ ಹೊಸತಲ್ಲ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿತು. ಕಮರ್ಷಿಯಲ್ ಸ್ಟ್ರೀಟ್ ಅದರ ಪೇಟೆಯಾಗಿ ಬೆಳೆಯಿತು. ದಂಡಿನ ಬಂಗಲೆಗಳ ವಿಶಾಲ ಅಂಗಳಗಳು ತೋಟಗಳಾದವು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಇಂತಹ ತೋಟಗಳಿಗೆ ಒಗ್ಗಿಕೊಂಡ ತುತ್ತೂರಿ ಹೂವಿನ ತವರು ದಕ್ಷಿಣ ಅಮೆರಿಕ.

1753ರಲ್ಲಿ ಲಿನೇಯಸ್ ಈ ಬಳಗದ ಒಂದು ಗಿಡಕ್ಕೆ 'ದತೂರ ಆರ್ಬೋರಿಯ' ಎಂದು ಹೆಸರಿಟ್ಟ. 'ದತೂರ' ನಮ್ಮ ದತ್ತೂರ ಶಬ್ದದಿಂದಲೇ ಬಂದದ್ದು. ಹೀಗೆ ಆಂಡಿಸ್ ಪರ್ವತದ ಗಿಡಕ್ಕೆ ಭಾರತದ ಹೆಸರು ಅಂಟಿತು! 1805ರಲ್ಲಿ ಪರ್ಸೂನ್ ಇವನ್ನು ಬೇರ್ಪಡಿಸಿ, ಡಚ್ ವಿಜ್ಞಾನಿ ಬ್ರುಗ್ಮಾನ್ಸ್ ನೆನಪಿಗೆ 'ಬ್ರುಗ್ಮಾನ್ಸಿಯ' ಕುಲವನ್ನು ರಚಿಸಿದ. ಆದರೂ ವಿವಾದ ನಿಲ್ಲಲಿಲ್ಲ. 1973ರಲ್ಲಿ ಲಾಕ್‌ವುಡ್ ಮಂಡಿಸಿದ ಅಧ್ಯಯನದ ನಂತರವೇ ಪ್ರತ್ಯೇಕ ಕುಲವೆಂಬ ಅಭಿಪ್ರಾಯ ಗಟ್ಟಿಯಾಯಿತು.

ವ್ಯತ್ಯಾಸವನ್ನು ನೀವೇ ಗುರುತಿಸಬಹುದು. ದತ್ತೂರ ಅಲ್ಪಾಯುಷಿ ಗಿಡ. ಅದರ ಹೂ ಸಾಮಾನ್ಯವಾಗಿ ಮೇಲ್ಮುಖ, ಕಾಯಿಯ ಮೇಲೆ ಮುಳ್ಳು. ಬ್ರುಗ್ಮಾನ್ಸಿಯದ ಕಾಂಡ ಮರದಂತೆ ಗಟ್ಟಿ, ಹೂ ಕೆಳಮುಖ, ಕಾಯಿ ಮುಳ್ಳಿಲ್ಲದ್ದು.

ತೋಟಗಳಲ್ಲಿ ಬೆಳೆಸುವ 'ಬ್ರುಗ್ಮಾನ್ಸಿಯ ಕ್ಯಾಂಡಿಡ'ವನ್ನು ಪರ್ಸೂನ್ ಒಂದು ಪ್ರಭೇದವೆಂದೇ ವರ್ಣಿಸಿದ್ದ. ವಾಸ್ತವವಾಗಿ ಅದು ಸಂಕರ. ಒಂದು ಪೋಷಕ ಆಂಡಿಸ್‌ನ ಎತ್ತರದ 'ಆರಿಯ'. ಇನ್ನೊಂದು ಈಕ್ವೆಡಾರ್ ಕರಾವಳಿಯ ತಗ್ಗಿನ 'ವರ್ಸಿಕಲರ್'. ಆರಿಯದ ಹೂ ಓರೆಯಾಗಿ ಬಾಗುತ್ತದೆ, ವರ್ಸಿಕಲರ್ ಹೂ ನೇರವಾಗಿ ಜೋತುಬೀಳುತ್ತದೆ. ಸಂಕರದ ಹೂ ಸುಮಾರು 25-30 ಸೆಂ.ಮೀ. ಉದ್ದ. ವರ್ಸಿಕಲರ್‌ನಲ್ಲಿರುವಂತೆ ಇದರ ಪುಷ್ಪಪಾತ್ರೆಯೂ ಒಂದು ಬದಿಗೆ ಸೀಳಿರುತ್ತದೆ.

ಇಂದು ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಎರಡೂ ಪೋಷಕ ಪ್ರಭೇದಗಳು 'ನಿಸರ್ಗದಲ್ಲಿ ನಶಿಸಿದವು' ಎಂದು ದಾಖಲಾಗಿವೆ. ಅವುಗಳ ಬೀಜ ಹರಡುತ್ತಿದ್ದ ಪ್ರಾಣಿಗಳು ಅಳಿದಿರಬಹುದು ಎಂಬುದು ಒಂದು ಊಹೆ. ಸಂಕರವನ್ನೂ ತೋಟಗಾರರು ಹೆಚ್ಚಾಗಿ ಕಾಂಡದ ತುಂಡು ನೆಟ್ಟೇ ಬೆಳೆಸುತ್ತಾರೆ. ಹೀಗೆ ಇಡೀ ಬಳಗ ಮನುಷ್ಯನ ಆಸರೆಯಲ್ಲಿ ಉಳಿದಿದೆ.

ಕುಲ ಬೇರೆಯಾದರೂ ವಿಷ ಮಾತ್ರ ಒಂದೇ ಬಗೆಯದು. ದತ್ತೂರದಂತೆ ಇದರ ಎಲ್ಲ ಭಾಗಗಳಲ್ಲೂ ಸ್ಕೊಪಾಲಮಿನ್, ಅಟ್ರೊಪಿನ್‌ನಂತಹ ಆಲ್ಕಲಾಯ್ಡ್‌ಗಳಿವೆ. ರಸ ತಾಗಿದ ಕೈಯಿಂದ ಕಣ್ಣುಜ್ಜಿದರೂ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗುತ್ತದೆ. ಶಿಕ್ಷಕರೇ, ತರಗತಿಗೆ ಹೂ ತರುವುದಕ್ಕಿಂತ ವಿದ್ಯಾರ್ಥಿಗಳನ್ನು ಗಿಡದ ಬಳಿ ಕರೆದೊಯ್ಯಿರಿ. ಅವರು ದೂರದಿಂದಲೇ ನೋಡಲಿ. ಹೂವಿನ ದಿಕ್ಕು ನೋಡಿ ಕುಲ ಯಾವುದೆಂದು ಅವರೇ ಹೇಳಲಿ.